ಕಾರ್ ಸೀಟಿನ ಪಕ್ಕದ ದಿಂಬು ಎತ್ತರ ಮಾಡಿಸಿದವರು ಯಾರಾದರೂ ಇದ್ದೀರಾ?

ಪ್ರಶ್ನೆ, ರಾಜಾಜಿನಗರದಿಂದ:
ಮನೆಯಲ್ಲಿ ಹಳೇ ಮಾರುತಿ ಎಸ್ಟೀಮ್ ಕಾರ್ ಇದೆ. ಎಂಜಿನ್ ಚೆನ್ನಾಗಿದೆ, ಸೀಟು ಮಾತ್ರ ಚಪ್ಪಟೆಯಾಗಿ ಹೋಗಿದೆ. ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿ ತಿರುವುಗಳಲ್ಲಿ ಮೈ ಒಂದು ಸಲ ಬಾಗಿಲ ಕಡೆ, ಇನ್ನೊಂದು ಸಲ ಗೇರ್ ಕಡೆ ಜಾರುತ್ತದೆ. ಬೋಲ್‌ಸ್ಟರ್ ಅಂತಾರಲ್ಲ, ಆ ಪಕ್ಕದ ದಿಂಬುಗಳನ್ನು ಎತ್ತರ ಮಾಡಬೇಕು. ಫೋಮ್ ನಾನೇ ಕತ್ತರಿಸೋಣ ಅಂತಿದ್ದೇನೆ, ಹೊಲಿಗೆ ಹೊರಗೆ ಕೊಡುತ್ತೇನೆ. ಯಾವ ಫೋಮ್ ತರಲಿ, ಹೇಗೆ ಅಂಟಿಸಲಿ? ಅಮ್ಮನೂ ಇದೇ ಕಾರಿನಲ್ಲಿ ಮುಂದೆ ಕೂರುತ್ತಾರೆ.

ಬಸವನಗುಡಿಯಿಂದ:
ನಮ್ಮ ಜಿಪ್ಸಿಗೆ ಮಾಡಿಕೊಂಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಂಗಡಿಯಲ್ಲಿ ಸುಮ್ನೆ "ಗಟ್ಟಿ ಫೋಮ್ ಕೊಡಿ" ಅನ್ನಬೇಡಿ. ಡೆನ್ಸಿಟಿ ಎಷ್ಟು ಅಂತ ಕೇಳಿ. 40 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ 40 ಕೆ.ಜಿ. ತೂಗುತ್ತದೆ ಅಂತ. ಅದು ತೂಕದ ಲೆಕ್ಕ, ಗಟ್ಟಿತನದ್ದಲ್ಲ. ಕೈಯಲ್ಲಿ ಅದುಮಿದಾಗ ಗಟ್ಟಿ ಅನ್ನಿಸಿದರೂ ತೂಕ ಕಡಿಮೆ ಇರುವ ಫೋಮ್ ಬೇಗ ಕುಗ್ಗಿ ಕೂತುಬಿಡುತ್ತದೆ. ದಿಂಬಿನ ಒಳಗೆ, ತಳಕ್ಕೆ, ರೀಬಾಂಡೆಡ್ ಹಾಕಿ. ಫೋಮ್ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿರುತ್ತಾರೆ, ಬಣ್ಣಬಣ್ಣದ ಚುಕ್ಕೆ ನೋಡಿದರೇ ಗೊತ್ತಾಗುತ್ತದೆ. ಅದರ ಮೇಲೆ 40 ಡೆನ್ಸಿಟಿಯದ್ದು. ಎಲ್ಲಕ್ಕಿಂತ ಮೇಲೆ 10 ಮಿ.ಮೀ. ಮೆತ್ತನೆ ಹಾಳೆ. ಕತ್ತರಿಸುವಾಗ ಆದ ಏರುಪೇರನ್ನೆಲ್ಲ ಅದು ಮುಚ್ಚುತ್ತದೆ.

ಕತ್ತರಿಸೋಕೆ ಹ್ಯಾಕ್ಸಾ ಬ್ಲೇಡ್ ಸಾಕು, ಉದ್ದನೆಯ ಬ್ರೆಡ್ ಚಾಕು ಇದ್ದರೆ ಇನ್ನೂ ಒಳ್ಳೆಯದು. ಫೋಮನ್ನು ಒತ್ತಿ ಹಿಡಿದು ಕತ್ತರಿಸಿದರೆ ಕೈ ಬಿಟ್ಟ ತಕ್ಷಣ ಅಂಚು ಡೊಂಕಾಗುತ್ತದೆ. ಒತ್ತದೆ, ಉದ್ದಕ್ಕೆ ಎಳೆಯಿರಿ. ಒಂದು ಮಟ್ಟಕ್ಕೆ ಆಕಾರ ಬಂದ ಮೇಲೆ ಕೈಯಲ್ಲಿ ಹಿಡಿದು ಉಜ್ಜುವ ಗ್ರೈಂಡರ್ ಮೆಷಿನ್‌ಗೆ 36ರ ಒರಟು ಸ್ಯಾಂಡ್ ಪೇಪರ್ ಡಿಸ್ಕ್ ಹಾಕಿ, ಹಗುರವಾಗಿ ತಾಗಿಸಿ. ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಮೂಗಿಗೆ, ಕಣ್ಣಿಗೆ, ತಲೆಗೂದಲಿಗೆ ಎಲ್ಲ ಸೇರುತ್ತದೆ.

ಅಂಟಿಸುವ ಸಲ್ಯೂಷನ್ ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದ ಹಾಗೆ ಆರಲು ಬಿಡಿ. ಆಮೇಲೆ ಸೇರಿಸಿ. ಒಮ್ಮೆ ಸೇರಿತು ಅಂದರೆ ಕಿತ್ತು ಸರಿಮಾಡೋಕೆ ಆಗಲ್ಲ, ಪೆನ್ನಿನಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ. ಉಜ್ಜಿ ಗುಂಡಗೆ ಮಾಡಬೇಕಾದ ಅಂಚಿನಲ್ಲಿ ಮಾತ್ರ ಎರಡು ಬೆರಳು ಜಾಗಕ್ಕೆ ಅಂಟು ಬೇಡ. ಒಣಗಿದ ಅಂಟು ಫೋಮಿನಷ್ಟು ಸುಲಭವಾಗಿ ಸವೆಯಲ್ಲ. ಸುತ್ತಲಿನ ಫೋಮ್ ತಗ್ಗಿ, ಅಂಟಿನ ಗೆರೆ ಎದ್ದು ನಿಲ್ಲುತ್ತದೆ. ಕವರ್ ಮೇಲೂ ಆ ಗೆರೆ ಕಾಣುತ್ತದೆ. ಸಲ್ಯೂಷನ್ ವಾಸನೆ ಪೂರ್ತಿ ಹೋಗುವ ತನಕ ಗ್ರೈಂಡರ್ ಮುಟ್ಟಬೇಡಿ, ಆ ಆವಿಗೆ ಕಿಡಿ ತಾಗಿದರೆ ಬೆಂಕಿಯೇ. ಕೆಲಸವನ್ನು ಟೆರೇಸಿನಲ್ಲಿ ಇಟ್ಟುಕೊಳ್ಳಿ. ಗ್ಯಾಸ್ ಸಿಲಿಂಡರ್ ಇರುವ ಯುಟಿಲಿಟಿಯಲ್ಲಿ ಖಂಡಿತ ಬೇಡ.

ಎಲ್ಲಕ್ಕಿಂತ ಮುಖ್ಯ, ಹೊಲಿಗೆಗೆ ಕೊಡುವ ಮುಂಚೆ ಬರೀ ಫೋಮ್ ಮೇಲೆ ಕೂತು ಓಡಿಸಿ. ಮೇಲೊಂದು ಹಳೇ ಬೆಡ್‌ಶೀಟ್ ಬಿಗಿಯಾಗಿ ಸುತ್ತಿದರೆ ಸಾಕು. ಸಿಲ್ಕ್ ಬೋರ್ಡ್ ತನಕ ಹೋಗಿ ಬನ್ನಿ, ಅಲ್ಲಿನ ಟ್ರಾಫಿಕ್‌ನಲ್ಲಿ ಹೇಗೂ ಕೂತೇ ಇರಬೇಕಲ್ವಾ. ಬೆನ್ನಿನ ದಿಂಬು ಪಕ್ಕೆಲುಬಿಗೆ ಆನಿಸಬೇಕು. ಭುಜಕ್ಕೆ ತಾಗಿದರೆ ಸ್ಟೀರಿಂಗ್ ತಿರುಗಿಸುವಾಗ ತೋಳಿಗೆ ಅಡ್ಡ ಬರುತ್ತದೆ. ಎಲ್ಲಿ ಚುಚ್ಚುತ್ತದೋ ಅಲ್ಲಿ ಉಜ್ಜಿ, ಮತ್ತೆ ಕೂರಿ. ಈ ಹಂತದಲ್ಲಿ ಖರ್ಚಾಗೋದು ಬರೀ ಸಮಯ. ಕವರ್ ಹೊಲಿದಾದ ಮೇಲೆ ಫೋಮ್ ಬದಲಿಸಿದರೆ ಕವರೂ ಹೋದ ಹಾಗೇ.

ಕುಷನ್ ಕೆಲಸ ಮಾಡುವವರು, ವಿಲ್ಸನ್ ಗಾರ್ಡನ್‌ನಿಂದ:
ಮೇಲಿನವರು ಹೇಳಿದ್ದು ಸರಿ ಸರ್. ನಮ್ಮ ಕಡೆಯಿಂದ ಒಂದು ಮಾತು. ದಿಂಬು ಮತ್ತು ಸೀಟು ಸೇರುವ ಕಡೆ ಒಂದು ತಗ್ಗು ಬರುತ್ತದೆ. ಬಟ್ಟೆ ತಾನಾಗಿ ಆ ತಗ್ಗಿಗೆ ಇಳಿಯಲ್ಲ, ಡೇರೆ ಥರ ಎಳೆದುಕೊಂಡು ನಿಲ್ಲುತ್ತದೆ. ಅಲ್ಲಿ ಫೋಮ್ ಸೀಳಿ ಒಳಗೊಂದು ತಂತಿ ಕೂರಿಸಬೇಕು. ಕವರಿನ ಹೊಲಿಗೆಯಲ್ಲೂ ಒಂದು ತಂತಿ ತೂರಿಸಿ, ಎರಡನ್ನೂ ರಿಂಗ್ ಹಾಕಿ ಬಿಗಿಯಬೇಕು. ಕಂಪನಿ ಸೀಟಿನಲ್ಲೂ ಇದೇ ಕ್ರಮ, ನಿಮ್ಮ ಹಳೇ ಕವರ್ ಬಿಚ್ಚಿದರೆ ಕಾಣುತ್ತದೆ. ಆ ಕವರ್ ಬಿಸಾಡಬೇಡಿ, ಅಳತೆಗೆ ಬೇಕು. ಬರೀ ಫೋಮ್ ತರಬೇಡಿ, ಸೀಟನ್ನೇ ಬಿಚ್ಚಿ ತನ್ನಿ. ಬೆಲ್ಟ್ ಬಕಲ್, ಹ್ಯಾಂಡ್ ಬ್ರೇಕ್, ಸೀಟು ಬಾಗಿಸುವ ಲಿವರ್, ಇವಕ್ಕೆ ಕೈ ಹೋಗುತ್ತಾ ಅಂತ ನೋಡಿಕೊಂಡೇ ದಪ್ಪ ಮಾಡಿ.

ಮಲ್ಲೇಶ್ವರದಿಂದ:
ಅಮ್ಮ ಕೂರುತ್ತಾರೆ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಾಗಿಲ ಕಡೆಯ ತೊಡೆ ದಿಂಬನ್ನು ಎತ್ತರ ಮಾಡಬೇಡಿ. ಸೀರೆ ಉಟ್ಟವರು ಮೊದಲು ಸೀಟಿನ ಅಂಚಿನಲ್ಲಿ ಕೂತು, ಆಮೇಲೆ ಕಾಲು ಒಳಗೆ ಎಳೆದುಕೊಳ್ಳುತ್ತಾರೆ. ನಮ್ಮ ಅತ್ತೆ ಇಳಿಯುವಾಗಲೂ ಹಾಗೇ, ಅದರ ಮೇಲೆಯೇ ಜಾರಿಕೊಂಡು ಇಳಿಯುತ್ತಾರೆ. ಎತ್ತರ ಇದ್ದರೆ ಅವರಿಗೂ ಕಷ್ಟ, ಮೊದಲು ಕುಸಿಯೋದೂ ಅದೇ. ನಾವು ಎಡಗಡೆ ಸೀಟಿಗೆ ಬೆನ್ನಿನ ದಿಂಬು ಮಾತ್ರ ಮಾಡಿಸಿದೆವು. ರೆಕ್ಸಿನ್ ಬೇಡ, ಬಟ್ಟೆ ಹಾಕಿಸಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ರೆಕ್ಸಿನ್ ಮೇಲೆ ಕೂತವರಿಗೇ ಗೊತ್ತು, ಬೆವರಿದರೆ ಜಾರೋದೂ ಜಾಸ್ತಿ.

ಯಲಹಂಕದಿಂದ:
ಎಸ್ಟೀಮ್‌ಗೆ ತೊಂದರೆ ಇಲ್ಲ. ಹೊಸ ಕಾರ್ ಇಟ್ಟುಕೊಂಡವರು ಇದನ್ನು ಓದಿ ಚಾಕು ಹಿಡಿಯಬೇಡಿ. ಈಗಿನ ತುಂಬಾ ಕಾರುಗಳಲ್ಲಿ ಬೆನ್ನಿನ ಸೀಟಿನ ಬಾಗಿಲ ಕಡೆ ಏರ್‌ಬ್ಯಾಗ್ ಇರುತ್ತದೆ, ಪಕ್ಕದಲ್ಲಿ ಚೀಟಿಯೂ ಹೊಲಿದಿರುತ್ತಾರೆ. ಅದು ಹೊಲಿಗೆ ಸೀಳಿಕೊಂಡು ಹೊರಗೆ ಬರಬೇಕು. ಅದರ ಮೇಲೆ ಫೋಮ್, ಕವರ್ ಏನೂ ಬೇಡ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಸೀಟಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಫೋಮ್ ಜೆ.ಸಿ. ರಸ್ತೆಯಲ್ಲಿ ನೋಡಲಾ? ಎರಡೂ ಸೀಟು ಒಟ್ಟಿಗೆ ಬಿಚ್ಚಲಾ?

ಬಸವನಗುಡಿಯಿಂದ:
ಜೆ.ಸಿ. ರಸ್ತೆಗೇ ಹೋಗಿ, ಆದರೆ ಕಾರ್ ತಗೊಂಡು ಹೋಗಬೇಡಿ, ನಿಲ್ಲಿಸೋಕೆ ಜಾಗ ಸಿಗಲ್ಲ. ಮೊದಲು ಡ್ರೈವರ್ ಸೀಟು ಒಂದೇ ಬಿಚ್ಚಿ. ಇನ್ನೊಂದು ಹಾಗೇ ಇದ್ದರೆ ಆಕಾರ ಹೋಲಿಸಿ ನೋಡೋಕೆ ಬೇಕಾಗುತ್ತದೆ. ಗ್ರೈಂಡರ್ ನನ್ನ ಹತ್ತಿರ ಇದೆ, ಭಾನುವಾರ ಬಂದು ತಗೊಂಡು ಹೋಗಿ. ಡಿಸ್ಕ್ ನೀವೇ ತನ್ನಿ.