ಮತ್ತಾಯ 19:9: ಬಿಟ್ಟವರು ಮತ್ತೆ ಮದುವೆಯಾಗಬಹುದೇ?

ಓದುಗ_೭೭
ಮಾರ್ಕ 10:11-12 ಮತ್ತು ಲೂಕ 16:18ರಲ್ಲಿ ಯೇಸುಸ್ವಾಮಿಯ ಮಾತಿಗೆ ಯಾವ ವಿನಾಯಿತಿಯೂ ಇಲ್ಲ. ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾದರೆ ಅದು ವ್ಯಭಿಚಾರ, ಅಷ್ಟೇ. ಮತ್ತಾಯನಲ್ಲಿ ಮಾತ್ರ (5:32, 19:9) ಹಾದರದ ಕಾರಣವನ್ನು ಹೊರತುಪಡಿಸಿದೆ. ಎಲ್ಲರೂ ಓದುವುದು ಅದೇ ವಚನ. ಆದರೆ ಪ್ರೊಟೆಸ್ಟೆಂಟರು, ಕ್ಯಾಥೊಲಿಕರು, ಆರ್ಥೊಡಾಕ್ಸರು ಮೂರು ದಾರಿ ಹಿಡಿದದ್ದು ಹೇಗೆ? ಕ್ಯಾಥೊಲಿಕರು ಹೇಳುವ ಅನಲ್‌ಮೆಂಟ್ ಅನ್ನುವುದು ಡೈವೋರ್ಸಿಗೇ ಇಟ್ಟ ಇನ್ನೊಂದು ಹೆಸರೇ?

ಬೆರೋಯದವ
ಗಂಟು ಇರುವುದು ‘ಪೊರ್ನೇಯಾ’ ಎಂಬ ಗ್ರೀಕ್ ಪದದಲ್ಲಿ. ವ್ಯಭಿಚಾರಕ್ಕೆ ‘ಮೊಯ್ಖೇಯಾ’ ಎಂಬ ಬೇರೆ ಪದವೇ ಇದೆ. ಅದೇ ವಾಕ್ಯದ ಕೊನೆಯಲ್ಲಿ ಅದರ ಕ್ರಿಯಾರೂಪವೂ ಬರುತ್ತದೆ. ಹಾಗಿದ್ದರೆ ವಿನಾಯಿತಿಯ ಜಾಗದಲ್ಲಿ ಬೇರೆ ಪದ ಯಾಕೆ? ಪ್ರೊಟೆಸ್ಟೆಂಟರು ಸಾಮಾನ್ಯವಾಗಿ ಅದನ್ನು ದಾಂಪತ್ಯದ್ರೋಹ ಸೇರಿದಂತೆ ಎಲ್ಲ ಅನೈತಿಕ ಸಂಬಂಧಕ್ಕೂ ಅನ್ವಯಿಸುತ್ತಾರೆ. ಹಲವು ಕ್ಯಾಥೊಲಿಕ್ ಪಂಡಿತರು ಯಾಜಕಕಾಂಡ 18ರಲ್ಲಿ ನಿಷೇಧಿಸಿದ ರಕ್ತಸಂಬಂಧದ ಕೂಡಿಕೆ ಎನ್ನುತ್ತಾರೆ, ಅಂದರೆ ಮೊದಲಿಂದಲೂ ಮದುವೆಯೇ ಆಗಿರದ ಸಂಬಂಧ.

ಯೇಸು ಈ ಮಾತು ಹೇಳಿದ್ದು ‘ಯಾವುದಾದರೂ ಕಾರಣಕ್ಕೆ ಹೆಂಡತಿಯನ್ನು ಬಿಡಬಹುದೇ?’ ಎಂಬ ಫರಿಸಾಯರ ಪ್ರಶ್ನೆಗೆ. ಅದರ ಹಿನ್ನೆಲೆಯೂ ಮುಖ್ಯ. ಹೆಂಡತಿಯನ್ನು ಬಿಡಲು ಧರ್ಮೋಪದೇಶಕಾಂಡ 24:1 ಹೇಳುವ ‘ಅವಲಕ್ಷಣ’ ಎಂದರೇನು ಎಂದು ಯೆಹೂದಿ ಗುರುಗಳಾದ ಶಮ್ಮಾಯಿಯ ಪಂಥಕ್ಕೂ ಹಿಲ್ಲೇಲನ ಪಂಥಕ್ಕೂ ಜಗಳವಿತ್ತು. ಅನ್ನ ಸೀದುಹೋದರೂ ಬಿಡಬಹುದು ಎನ್ನುವಷ್ಟು ಸಡಿಲ ಹಿಲ್ಲೇಲನ ಪಂಥ. ಯೇಸು ಈ ಜಗಳದಲ್ಲಿ ಪಕ್ಷ ವಹಿಸದೆ ಸೀದಾ ಗಂಡಹೆಂಡತಿ ಒಂದೇ ಶರೀರ ಎನ್ನುವ ಆದಿಕಾಂಡಕ್ಕೆ ಹೋಗಿ, ಮೋಶೆ ಅಪ್ಪಣೆ ಕೊಟ್ಟದ್ದು ನಿಮ್ಮ ಮೊಂಡುತನ ನೋಡಿ ಎನ್ನುತ್ತಾನೆ. ವಿನಾಯಿತಿಯನ್ನಷ್ಟೇ ಹಿಡಿದು ಎಳೆದಾಡುವವರು ಈ ಭಾಗ ಬಿಟ್ಟುಬಿಡುತ್ತಾರೆ, ನನಗೆ ಅದೇ ಬೇಸರ.

ಪೌಲನದು ಇನ್ನೊಂದು ಎಳೆ. 1 ಕೊರಿಂಥ 7:15ರಲ್ಲಿ ನಂಬದ ಸಂಗಾತಿ ಅಗಲಿಹೋದರೆ ನಂಬುವವರು ಬದ್ಧರಲ್ಲ ಎನ್ನುತ್ತಾನೆ. ಹಾದರ ಮತ್ತು ಬಿಟ್ಟುಹೋಗುವಿಕೆ, ಈ ಎರಡು ಕಾರಣಗಳನ್ನು ಕೂಡಿಸಿ ಪ್ರೆಸ್ಬಿಟೇರಿಯನ್ ಪ್ರೊಟೆಸ್ಟೆಂಟರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ತನ್ನ 24ನೇ ಅಧ್ಯಾಯದಲ್ಲಿ ವಿಚ್ಛೇದನವನ್ನು ಒಪ್ಪಿತು. ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಮಾತ್ರ ಬಿಗಿಯಾಗಿಯೇ ಇದ್ದು, 2002ರಲ್ಲಷ್ಟೇ ಕೆಲವು ಸಂದರ್ಭಗಳಲ್ಲಿ ದೇವಾಲಯದಲ್ಲೇ ಮರುಮದುವೆಗೆ ದಾರಿ ಬಿಟ್ಟಿತು. ಪ್ರೊಟೆಸ್ಟೆಂಟರೆಲ್ಲ ಒಂದೇ ಎನ್ನುವ ಹಾಗಿಲ್ಲ.

ಕ್ಯಾನನ್_ಪಾಠ
ಅನಲ್‌ಮೆಂಟ್ ಡೈವೋರ್ಸ್ ಅಲ್ಲ. ಡೈವೋರ್ಸ್ ಇದ್ದ ಮದುವೆಯನ್ನು ಮುರಿಯುತ್ತದೆ. ಅನಲ್‌ಮೆಂಟ್ ಒಪ್ಪಿಗೆಯ ದಿನವೇ ಮದುವೆ ಸಿಂಧುವಾಗಿರಲಿಲ್ಲ ಎಂದು ಘೋಷಿಸುತ್ತದೆ. ಆದರೂ ಮಕ್ಕಳು ಅಕ್ರಮ ಸಂತಾನವಾಗುವುದಿಲ್ಲ (ಕ್ಯಾಥೊಲಿಕ್ ಸಭೆಯ ಕಾನೂನಿನ ಕಲಂ, ಅಂದರೆ ಕ್ಯಾನನ್ 1137).

ಕೆಲಸ ಹೀಗೆ ನಡೆಯುತ್ತದೆ: ಧರ್ಮಪ್ರಾಂತ್ಯದ ಟ್ರಿಬ್ಯುನಲ್‌ಗೆ (ಬಿಷಪರ ಚರ್ಚ್ ನ್ಯಾಯಾಲಯಕ್ಕೆ) ಅರ್ಜಿ, ಜೊತೆಗೆ ಜ್ಞಾನಸ್ನಾನದ ಮತ್ತು ಮದುವೆಯ ಪತ್ರಗಳು, ಸಾಕ್ಷಿಗಳ ಹೆಸರು. ಎದುರು ಪಕ್ಷಕ್ಕೆ ತಿಳಿಸಲೇಬೇಕು. ಮದುವೆಯ ಪರ ವಾದಿಸಲೆಂದೇ ‘ಬಂಧ ಸಂರಕ್ಷಕ’ ಎಂಬ ಅಧಿಕಾರಿ ಇರುತ್ತಾರೆ, ಯಾಕೆಂದರೆ ಸಂಶಯವಿದ್ದಾಗ ಮದುವೆ ಸಿಂಧು ಎಂದೇ ಹಿಡಿಯಬೇಕು (ಕ್ಯಾನನ್ 1060). ಹಿಂದೆ ಎರಡು ಹಂತದ ತೀರ್ಪುಗಳು ಒಂದಕ್ಕೊಂದು ಹೊಂದಬೇಕಿತ್ತು. ಪೋಪ್ ಜಗದ್ಗುರು ಫ್ರಾನ್ಸಿಸ್ 2015ರಲ್ಲಿ ಅದನ್ನು ತೆಗೆದರು. ಮೇಲ್ಮನವಿಯ ಹಕ್ಕು ಈಗಲೂ ಇದೆ.

ಅರ್ಜಿಗಳು ಬೀಳುವುದು ಹೆಚ್ಚಾಗಿ ಒಂದೇ ತಪ್ಪಿನಿಂದ. ಹತ್ತು ವರ್ಷದ ನಂತರದ ಕುಡಿತ, ಹೊಡೆತ, ಪರಸಂಬಂಧ ಎಲ್ಲ ಬರೆದಿರುತ್ತಾರೆ. ಮದುವೆಯ ದಿನ ಒಪ್ಪಿಗೆಯಲ್ಲಿ ಏನು ಕೊರತೆಯಿತ್ತು ಎಂಬುದೇ ಇರುವುದಿಲ್ಲ. ಬಲವಂತವೇ? ಮಕ್ಕಳು ಬೇಡವೆಂದು ಆಗಲೇ ನಿರ್ಧರಿಸಿದ್ದರೇ? ಮಾನಸಿಕ ಅಸಾಮರ್ಥ್ಯವೇ? ನಂತರದ ನಡತೆ ಇವಕ್ಕೆ ಸುಳಿವಾಗಬಹುದು, ಅದೇ ಆಧಾರವಾಗದು.

ಆರ್ಥೊಡಾಕ್ಸರ ದಾರಿ ಬೇರೆ: ಮಾನವ ದೌರ್ಬಲ್ಯಕ್ಕೆ ಕನಿಕರ ತೋರಿ ಎರಡನೆಯ, ಮೂರನೆಯ ಮದುವೆಗೆ ಅವಕಾಶ. ಆ ವಿಧಿಯಲ್ಲಿ ಪಶ್ಚಾತ್ತಾಪದ ಪ್ರಾರ್ಥನೆಗಳಿರುತ್ತವೆ. ನಾಲ್ಕನೆಯದು ಇಲ್ಲ. 1563ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ವಿಚ್ಛೇದನದ ವಿರುದ್ಧದ ವಾಕ್ಯವನ್ನು ಗ್ರೀಕ್ ಆರ್ಥೊಡಾಕ್ಸರಿಗೆ ನೇರ ಶಾಪವಾಗದಂತೆ ಜಾಣತನದಿಂದ ಹೆಣೆಯಿತು, ಗ್ರೀಕ್ ಪ್ರಜೆಗಳಿದ್ದ ವೆನಿಸ್‌ನವರ ಕೋರಿಕೆಯ ಮೇರೆಗೆ!

ಕೋರ್ಟ್_ಕಟಕಟೆ
ವೇದದ ಚರ್ಚೆಯ ನಡುವೆ ಕಾನೂನು ಮರೆಯಬೇಡಿ. ಟ್ರಿಬ್ಯುನಲ್ ಆದೇಶ ಒಂದನ್ನೇ ನಂಬಿ ಇನ್ನೊಂದು ಮದುವೆಯಾದರೆ ದ್ವಿಪತ್ನಿತ್ವದ ಕೇಸು ಬೀಳಬಹುದು. ಸುಪ್ರೀಂ ಕೋರ್ಟ್ ಇದನ್ನು 1996ರಲ್ಲೇ ಮೋಲಿ ಜೋಸೆಫ್ ಪ್ರಕರಣದಲ್ಲಿ ಹೇಳಿತು. ನಮ್ಮ ಮಂಗಳೂರಿನ ಕ್ಲಾರೆನ್ಸ್ ಪಾಯಸ್ ಚರ್ಚ್ ಆದೇಶಕ್ಕೆ ಮಾನ್ಯತೆ ಕೇಳಿ ಹೂಡಿದ್ದ ಅರ್ಜಿಯನ್ನೂ 2017ರ ಜನವರಿಯಲ್ಲಿ ವಜಾ ಮಾಡಿತು.

ಕೋರ್ಟಿನ ಡಿಕ್ರಿ 1869ರ ವಿಚ್ಛೇದನ ಕಾಯ್ದೆಯಡಿ ಸಿಗಬೇಕು. ಪರಸ್ಪರ ಒಪ್ಪಿಗೆಯ 10ಎ ಕಲಂ ಸೇರಿದ್ದು 2001ರಲ್ಲಿ. ಅದರಲ್ಲಿ ಎರಡು ವರ್ಷ ಬೇರೆ ಇರಬೇಕೆಂದಿದೆ; ಕೇರಳ ಹೈಕೋರ್ಟ್ 2010ರಲ್ಲಿ ಅದನ್ನು ಒಂದು ವರ್ಷ ಎಂದು ಓದಿತು. ಅರ್ಜಿ ಹಾಕುವ ಮೊದಲು ಈ ಅವಧಿಯ ಬಗ್ಗೆ ನಿಮ್ಮ ವಕೀಲರನ್ನು ಕೇಳಿ.

ಓದುಗ_೭೭
ಅಂದರೆ ಕೋರ್ಟಿನ ಡಿಕ್ರಿ ಮಾತ್ರ ಇದ್ದರೆ ಇಗರ್ಜಿಯಲ್ಲಿ ಮದುವೆ ಇಲ್ಲವೇ?

ಕ್ಯಾನನ್_ಪಾಠ
ಕ್ಯಾಥೊಲಿಕ್ ಇಗರ್ಜಿಯಲ್ಲಿ ಇಲ್ಲ (ಕ್ಯಾನನ್ 1085). ಎರಡೂ ಕಾಗದ ಬೇಕು. ಟ್ರಿಬ್ಯುನಲ್ ಇನ್ನೂ ತೀರ್ಪು ಕೊಡದೆ ಛತ್ರ ಬುಕ್ ಮಾಡಬೇಡಿ.