ಕೋವಿಡ್ ಕಿಟ್ ಹಾಕಿದ ಅನುಭವ ಎಬೋಲಾ ಡ್ಯೂಟಿಗೆ ಸಾಕಾಗುತ್ತಾ?

ಪ್ರಶ್ನೆ (ಸ್ಟಾಫ್ ನರ್ಸ್, ಸಾಗರ): ನಮಸ್ತೆ ಮೇಡಂ. ಉಗಾಂಡಾದ ಕಂಪಾಲಾದಲ್ಲಿ ಒಂದು ಆಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಹೊರಡಬೇಕು. ಅಲ್ಲಿ ಎಬೋಲಾ ಬರುತ್ತದೆ ಅಂತ ಅಮ್ಮ ತುಂಬಾ ಹೆದರಿದ್ದಾರೆ. ಕೋವಿಡ್ ಸಮಯದಲ್ಲಿ ತಿಂಗಳುಗಟ್ಟಲೆ ಪಿಪಿಇ ಕಿಟ್ ಹಾಕಿ ಡ್ಯೂಟಿ ಮಾಡಿದ್ದೇನೆ. ಮಂಗನ ಕಾಯಿಲೆಯವರನ್ನೂ ನೋಡಿಕೊಂಡಿದ್ದೇನೆ. ಇಷ್ಟು ಅನುಭವ ಸಾಕಲ್ವಾ? ಬೇರೆ ತರಬೇತಿ ಬೇಕಾ? ನೀವು ಸಿಯೆರಾ ಲಿಯೋನ್‌ನಲ್ಲಿ ನರ್ಸ್‌ಗಳಿಗೆ ಕಲಿಸಿದ್ದೀರಿ ಅಂತ ಗೊತ್ತಾಯಿತು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ (ಸೋಂಕು ನಿಯಂತ್ರಣ ನರ್ಸ್, ನಿವೃತ್ತ): ನಮಸ್ತೆ ಸಿಸ್ಟರ್. ಸಾಕಾಗುವುದಿಲ್ಲ. ಆದರೆ ಅಮ್ಮನಿಗೆ ಧೈರ್ಯ ಹೇಳಿ, ಇದು ಕಲಿಯಬಹುದಾದ ಕೆಲಸ.

ಮಂಗನ ಕಾಯಿಲೆ ಉಣುಗು ಕಚ್ಚಿ ಬರುತ್ತದೆ. ರೋಗಿಯಿಂದ ನರ್ಸ್‌ಗೆ ದಾಟುವುದಿಲ್ಲ. ಕೋವಿಡ್ ಉಸಿರಿನಲ್ಲಿ ಬಂತು, ಹಾಗಾಗಿ ನಮ್ಮ ಗಮನವೆಲ್ಲ ಮಾಸ್ಕ್ ಮೇಲಿತ್ತು. ಎಬೋಲಾ ಬರುವುದು ರೋಗಿಯ ವಾಂತಿ, ಭೇದಿ, ರಕ್ತ, ಬೆವರಿನಿಂದ. ನಮ್ಮ ಕೈಗೆ ಅಂಟಿದ್ದು ಕಣ್ಣಿಗೋ ಬಾಯಿಗೋ ಚರ್ಮದ ಸಣ್ಣ ಗಾಯಕ್ಕೋ ತಾಗಿದರೆ ಸಾಕು. ಕೋವಿಡ್ ವಾರ್ಡಿನಿಂದ ಹೊರಗೆ ಬಂದು ಕಿಟ್ ಬೇಗಬೇಗ ಕಿತ್ತೆಸೆದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನೂ ನೋಡಿದ್ದೇನೆ. ಎಬೋಲಾದಲ್ಲಿ ಅತಿ ಹೆಚ್ಚು ಅಪಾಯ ಇರುವುದು ಆ ಕಿಟ್ ಬಿಚ್ಚುವ ಗಳಿಗೆಯಲ್ಲೇ. ಕಿಟ್‌ನ ಹೊರಮೈಗೆ ಎಲ್ಲವೂ ಅಂಟಿರುತ್ತದೆ. ನಾವು ದಣಿದಿರುತ್ತೇವೆ, ಒಳಗೆ ಬೆವರಿನಲ್ಲಿ ತೊಯ್ದಿರುತ್ತೇವೆ, ಮೂಗು ತುರಿಸುತ್ತಿರುತ್ತದೆ.

ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಹರಡಿದ್ದಾಗ ರಾಜಧಾನಿ ಫ್ರೀಟೌನ್‌ನ ರಾಷ್ಟ್ರೀಯ ಸ್ಟೇಡಿಯಂನಲ್ಲಿ ತರಬೇತಿ ಕೇಂದ್ರ ಇತ್ತು. ಚಿಕಿತ್ಸಾ ಕೇಂದ್ರದ ಹಾಗೆಯೇ ಅಣಕು ವಾರ್ಡ್ ಕಟ್ಟಿದ್ದರು. ಎಬೋಲಾದಿಂದ ಬದುಕಿ ಬಂದವರೇ ರೋಗಿಗಳಾಗಿ ನಟಿಸುತ್ತಿದ್ದರು. ಅವರು ಸುಮ್ನೆ ನಟಿಸುತ್ತಿರಲಿಲ್ಲ. "ನೀನು ನನ್ನ ಹೆಸರೇ ಕೇಳಲಿಲ್ಲ, ನೇರ ಸೂಜಿ ತಂದೆ" ಅಂತ ತಿದ್ದುತ್ತಿದ್ದರು. ನನಗೆ ಅವರಿಗಿಂತ ಒಳ್ಳೆಯ ಗುರುಗಳು ಸಿಕ್ಕಿಲ್ಲ.

ಮೊದಲ ದಿನ ಬಿಚ್ಚುವ ಅಭ್ಯಾಸ ಮಾಡುವಾಗ ನನ್ನ ಕೈ ತಾನಾಗಿ ಹಣೆಯ ಕಡೆ ಹೋಯಿತು. ಎದುರಿಗೆ ನಿಂತಿದ್ದ ಹುಡುಗಿ "ನಿಲ್ಲಿ!" ಅಂತ ಕೂಗಿದಳು. ಅವಳ ಕೆಲಸ ಅದೊಂದೇ: ನನ್ನನ್ನು ನೋಡುತ್ತಾ ನಿಲ್ಲುವುದು, ಒಂದೊಂದೇ ಹೆಜ್ಜೆ ಓದಿ ಹೇಳುವುದು. ಕೈ ತೊಳಿ, ಏಪ್ರನ್ ಬಿಚ್ಚು, ಕೈ ತೊಳಿ, ಹೊರಗಿನ ಗ್ಲೌಸ್ ತೆಗಿ, ಕೈ ತೊಳಿ, ಹೀಗೆ. ಕನ್ನಡಕ, ಮಾಸ್ಕ್ ತೆಗೆಯುವಾಗ ಕಣ್ಣು ಮುಚ್ಚಿ, ತಲೆಯ ಹಿಂದಿನ ಪಟ್ಟಿ ಹಿಡಿದು ಮುಂದಕ್ಕೆ ಬಗ್ಗಿ ತೆಗೆಯಬೇಕು. ಇಪ್ಪತ್ತು ವರ್ಷ ಸರ್ವೀಸ್ ಆದವರಿಗೂ ನೋಡುವವರು ಒಬ್ಬರು ಬೇಕೇ ಬೇಕು. ಕಿಟ್‌ನ ಕ್ರಮ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ನೀವು ಹೋಗುವ ಆಸ್ಪತ್ರೆಯ ಕ್ರಮವನ್ನೇ, ಅಲ್ಲಿನ ಕಿಟ್ಟಿನಲ್ಲೇ, ಕೈಗೆ ರೂಢಿಯಾಗುವವರೆಗೆ ಮಾಡಿ.

ಅದೇ ಸಿಸ್ಟರ್: ಅಂದರೆ ಎಬೋಲಾ ವಾರ್ಡಿಗೆ ಡ್ಯೂಟಿ ಹಾಕಿದರೆ ಮಾತ್ರ ಭಯ. ನನ್ನದು ಜನರಲ್ ವಾರ್ಡ್ ಮೇಡಂ.

ಉತ್ತರ: ಸಿಸ್ಟರ್, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಾನು ಮುಖ್ಯವಾಗಿ ಹೇಳಬೇಕಾದ್ದು ಇದೇ.

2014ರಿಂದ 2016ರವರೆಗೆ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನಲ್ಲಿ 28,000ಕ್ಕೂ ಹೆಚ್ಚು ಜನರಿಗೆ ಎಬೋಲಾ ಬಂತು. 11,000ಕ್ಕೂ ಹೆಚ್ಚು ಜನ ತೀರಿಕೊಂಡರು. ಅದರಲ್ಲಿ 500ಕ್ಕೂ ಹೆಚ್ಚು ಜನ ನಮ್ಮಂಥ ಆರೋಗ್ಯ ಸಿಬ್ಬಂದಿ. ಅವರಲ್ಲಿ ಜಾಸ್ತಿ ಜನರಿಗೆ ಸೋಂಕು ತಗುಲಿದ್ದು ಎಬೋಲಾ ಚಿಕಿತ್ಸಾ ಕೇಂದ್ರದಲ್ಲಿ ಅಲ್ಲ. ಸಾಮಾನ್ಯ ವಾರ್ಡ್‌ನಲ್ಲಿ, ಹೆರಿಗೆ ಕೋಣೆಯಲ್ಲಿ, ಓಪಿಡಿಯಲ್ಲಿ, ಮನೆಗೆ ಹೋಗಿ ಇಂಜೆಕ್ಷನ್ ಕೊಟ್ಟ ಕಡೆ. ಅಲ್ಲಿ ಯಾರಿಗೂ ಅನುಮಾನವೇ ಬಂದಿರಲಿಲ್ಲ. ಎಬೋಲಾ ವಾರ್ಡಿನಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಜನರಲ್ ವಾರ್ಡಿನಲ್ಲಿ ಜ್ವರ ಅಂದರೆ ಮಲೇರಿಯಾ ಅಂತಲೇ ಕೈ ಹಾಕುತ್ತೇವೆ.

ಕಂಪಾಲಾದಲ್ಲೇ 2025ರ ಜನವರಿಯಲ್ಲಿ ಏನಾಯಿತು? ಮೊದಲು ಗುರುತಾದ ರೋಗಿ ಒಬ್ಬ ನರ್ಸ್. ಅವರು ಹಲವು ಕಡೆ ಚಿಕಿತ್ಸೆಗೆ ಓಡಾಡಿದರು. ಕಾಯಿಲೆಯ ಹೆಸರು ಗೊತ್ತಾಗುವ ಹೊತ್ತಿಗೆ ತೀರಿಕೊಂಡಿದ್ದರು. ಹಾಗಾಗಿ ನಿಮ್ಮ ತರಬೇತಿ ಶುರುವಾಗಬೇಕಾದ್ದು ಕಿಟ್‌ನಿಂದ ಅಲ್ಲ, ಆಸ್ಪತ್ರೆಯ ಗೇಟಿನಿಂದ.

ಪ್ರಶ್ನೆ (ಡ್ಯೂಟಿ ಡಾಕ್ಟರ್, ಬೆಂಗಳೂರು): ಗೇಟಿನಲ್ಲಿ ಏನು ಮಾಡಬೇಕು ಮೇಡಂ? ರಕ್ತ ಸುರಿಯುತ್ತಿದ್ದರೆ ತಾನೇ ಎಬೋಲಾ ಅಂತ ಅನುಮಾನ ಬರುವುದು? ಮಲೇರಿಯಾ ಪಾಸಿಟಿವ್ ಬಂದರೆ ಬಿಟ್ಟುಬಿಡಬಹುದಲ್ವಾ?

ಉತ್ತರ: ಎರಡೂ ತಪ್ಪು ಡಾಕ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ಈ ಎರಡು ತಪ್ಪಿಂದಲೇ ಎಷ್ಟೋ ಜನ ಸತ್ತಿದ್ದಾರೆ.

ರಕ್ತಸ್ರಾವ ಎಲ್ಲರಲ್ಲೂ ಕಾಣುವುದಿಲ್ಲ. ಶುರುವಿನಲ್ಲಿ ಜ್ವರ, ವಿಪರೀತ ಸುಸ್ತು, ತಲೆನೋವು, ಮೈಕೈ ನೋವು. ಆಮೇಲೆ ವಾಂತಿ, ಭೇದಿ. ಕೆಲವರಿಗೆ ಜ್ವರವೂ ಇರುವುದಿಲ್ಲ, ಹಾಗಾಗಿ ಬರೀ ಥರ್ಮಾಮೀಟರ್ ನಂಬಬೇಡಿ. ಇನ್ನು ಮಲೇರಿಯಾ ಮತ್ತು ಎಬೋಲಾ ಒಬ್ಬರಲ್ಲೇ ಒಟ್ಟಿಗೆ ಇರಬಹುದು. ಮಲೇರಿಯಾಗೆ ಔಷಧ ಕೊಡಿ, ಅನುಮಾನ ಬಿಡಬೇಡಿ.

ಕೆಲಸಕ್ಕೆ ಬರುವುದು ಮಾತು. ಒಂದೆರಡು ಮೀಟರ್ ದೂರ ನಿಂತು ಕೇಳಿ. ಕಳೆದ 21 ದಿನದಲ್ಲಿ ಎಲ್ಲಿಗೆ ಹೋಗಿದ್ದಿರಿ? ಮನೆಯಲ್ಲಿ ಯಾರಿಗಾದರೂ ಹೀಗೇ ಆಗಿತ್ತಾ? ಸಾವಿಗೆ ಹೋಗಿದ್ದಿರಾ, ಹೆಣ ಮುಟ್ಟಿದ್ದಿರಾ? ಯಾರನ್ನಾದರೂ ಆರೈಕೆ ಮಾಡಿದ್ದಿರಾ? ಅನುಮಾನ ಬಂದರೆ ಬೇರೆ ಕೋಣೆ, ಬೇರೆ ಶೌಚಾಲಯ, ಮೇಲಿನವರಿಗೆ ಫೋನ್. ಅನುಮಾನ ಇರುವವರನ್ನೂ ಖಚಿತವಾದವರನ್ನೂ ಒಂದೇ ಕೋಣೆಗೆ ಹಾಕಬೇಡಿ. ಇಲ್ಲದ ರೋಗವನ್ನು ನಾವೇ ಅಂಟಿಸಿದ ಹಾಗಾಗುತ್ತದೆ.

ಖಚಿತ ಮಾಡುವುದು ರಕ್ತದ ಪಿಸಿಆರ್ ಪರೀಕ್ಷೆ. ಲಕ್ಷಣ ಶುರುವಾಗಿ ಮೂರು ದಿನ ಆಗುವ ಮೊದಲೇ ತೆಗೆದ ರಕ್ತದಲ್ಲಿ ನೆಗೆಟಿವ್ ಬಂದರೆ ಮನೆಗೆ ಕಳಿಸಬೇಡಿ. ಮೂರು ದಿನ ಕಳೆದ ಮೇಲೆ ಇನ್ನೊಮ್ಮೆ ತೆಗೆಯಬೇಕು. ರಕ್ತ ತೆಗೆಯಲು ಇಬ್ಬರು ಹೋಗಬೇಕು. ಒಬ್ಬರು ಸೂಜಿ ಹಿಡಿಯುತ್ತಾರೆ. ಇನ್ನೊಬ್ಬರು ರೋಗಿಯ ಜೊತೆ ಮಾತಾಡುತ್ತಾ ಕೈ ಅಲುಗದಂತೆ ನೋಡಿಕೊಳ್ಳುತ್ತಾರೆ. ಸೂಜಿಗೆ ಮತ್ತೆ ಕ್ಯಾಪ್ ಹಾಕುವ ನಮ್ಮ ಹಳೇ ಅಭ್ಯಾಸವನ್ನು ಇವತ್ತೇ ಬಿಡಿ. ಬಳಸಿದ ಸೂಜಿ ಹಾಕುವ ಶಾರ್ಪ್ಸ್ ಡಬ್ಬಿ ಕೈಗೆಟುಕುವಲ್ಲೇ ಇರಲಿ.

1976ರಲ್ಲಿ ಈಗಿನ ಕಾಂಗೋದ ಯಾಂಬುಕುವಿನಲ್ಲಿ ಎಬೋಲಾ ಮೊದಲು ಗುರುತಾದಾಗ ಅದು ಹರಡಲು ಒಂದು ದೊಡ್ಡ ಕಾರಣ ಮಿಷನ್ ಆಸ್ಪತ್ರೆಯ ಸೂಜಿಗಳು. ದಿನಕ್ಕೆ ಐದೇ ಸಿರಿಂಜು, ಸರಿಯಾಗಿ ಕುದಿಸದೆ ಒಬ್ಬರಿಂದ ಒಬ್ಬರಿಗೆ. ಅಲ್ಲಿ ಕೆಲಸ ಮಾಡುತ್ತಿದ್ದ 17 ಸಿಬ್ಬಂದಿಯಲ್ಲಿ 11 ಜನ ಸತ್ತರು.

ನಮ್ಮಲ್ಲಿ ಇದೆಲ್ಲ ಯಾಕೆ ಅಂತ ಅನಿಸಬಹುದು. ನೈಜೀರಿಯಾದ ಲಾಗೋಸ್ ನಗರ ನೋಡಿ. 2014ರ ಜುಲೈನಲ್ಲಿ ಲೈಬೀರಿಯಾದಿಂದ ವಿಮಾನದಲ್ಲಿ ಬಂದ ಒಬ್ಬ ರೋಗಿಯನ್ನು ಮೊದಲು ಮಲೇರಿಯಾ ಅಂತಲೇ ಸೇರಿಸಿಕೊಂಡಿದ್ದರು. ಆ ಆಸ್ಪತ್ರೆಯ ವೈದ್ಯೆ ಡಾ. ಅಮೆಯೋ ಸ್ಟೆಲ್ಲಾ ಅಡಾಡೆವೋ ಅವರಿಗೆ ಅನುಮಾನ ಬಂತು. ಬಿಡುಗಡೆ ಮಾಡಿ ಅಂತ ಎಷ್ಟೇ ಒತ್ತಡ ಬಂದರೂ ಅವರು ಕಳಿಸಲಿಲ್ಲ. ಆಮೇಲೆ ಅವರಿಗೂ ಸೋಂಕು ತಗುಲಿತು, ಆಗಸ್ಟ್ 19ರಂದು ತೀರಿಕೊಂಡರು. ಅಷ್ಟು ಜನಸಂದಣಿಯ ನೈಜೀರಿಯಾದಲ್ಲಿ ಅದು 20 ರೋಗಿ, 8 ಸಾವಿಗೆ ನಿಂತಿತು. ಅವರ ಹೆಸರು ಬರೆಯುವಾಗ ಈಗಲೂ ಕಣ್ಣು ತುಂಬುತ್ತದೆ.

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ, ಮಂಗಳೂರು): ಮೇಡಂ, ಮುಟ್ಟಲೇ ಹೆದರಿಕೆ ಅಂದಮೇಲೆ ರೋಗಿಗೆ ಆರೈಕೆ ಹೇಗೆ? ಔಷಧವೇ ಇಲ್ಲವಂತೆ?

ಉತ್ತರ: ಇದೆ ಮಗಳೇ. ಮೊದಲನೆಯದು ನೀರು. ವಾಂತಿ ಭೇದಿಯಲ್ಲಿ ದಿನಕ್ಕೆ ಹಲವು ಲೀಟರ್ ಹೋಗುತ್ತದೆ. ಓಆರ್‌ಎಸ್, ಡ್ರಿಪ್, ಪೊಟ್ಯಾಸಿಯಂ, ಸಕ್ಕರೆ ಅಂಶ ನೋಡಿಕೊಳ್ಳುವುದು, ನೋವಿಗೆ ಮಾತ್ರೆ. ಇಷ್ಟರಿಂದಲೇ ಎಷ್ಟೋ ಜನ ಬದುಕುತ್ತಾರೆ. ಒಬ್ಬರಿಗೆ ಲೋಟ ಹಿಡಿದು ಕುಡಿಸಲು ಹತ್ತು ನಿಮಿಷ ಬೇಕು. ಕಿಟ್ ಒಳಗೆ ಆ ಸೆಕೆಯಲ್ಲಿ ನಮಗೆ ಸಿಗುವುದು ಸುಮಾರು ಒಂದು ಗಂಟೆ ಮಾತ್ರ. ಅದಕ್ಕೇ ಒಳಗೆ ಹೋಗುವ ಮೊದಲೇ ಇಬ್ಬರೂ ಕೂತು ಯಾರಿಗೆ ಏನು, ಯಾವ ಹಾಸಿಗೆ ಮೊದಲು ಅಂತ ಬರೆದುಕೊಳ್ಳಬೇಕು. ತಲೆ ಸುತ್ತಿದರೆ ಆ ಕ್ಷಣವೇ ಜೊತೆಗಾರರಿಗೆ ಹೇಳಿ ಇಬ್ಬರೂ ಹೊರಗೆ ಬರಬೇಕು.

ಎಬೋಲಾ ವೈರಸ್‌ನಲ್ಲಿ ಝೈರ್, ಸುಡಾನ್ ಅಂತ ಬೇರೆ ಬೇರೆ ಬಗೆ ಇವೆ. ಝೈರ್ ಬಗೆಯ ಎಬೋಲಾಗೆ ಈಗ ಆ್ಯಂಟಿಬಾಡಿ ಔಷಧ ಎರಡಿವೆ, ಇನ್ಮಾಝೆಬ್ ಮತ್ತು ಎಬಾಂಗಾ. ಕಾಂಗೋದಲ್ಲಿ 2018-19ರಲ್ಲಿ ಪರೀಕ್ಷಿಸಿದಾಗ, ದೇಹದಲ್ಲಿ ವೈರಸ್ ಕಡಿಮೆ ಇದ್ದಾಗಲೇ ಚಿಕಿತ್ಸೆ ಸಿಕ್ಕವರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಜನ ಉಳಿದರು. ಬೇಗ ಗುರುತಿಸಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ. ಎರ್ವೆಬೊ ಲಸಿಕೆಯೂ ಇದೆ, ಅದೂ ಝೈರ್ ಬಗೆಗೆ ಮಾತ್ರ. ಸಾಗರದ ಸಿಸ್ಟರ್, ನೀವು ಗಮನಿಸಿ: ಉಗಾಂಡಾದಲ್ಲಿ 2022ರಲ್ಲೂ 2025ರಲ್ಲೂ ಬಂದದ್ದು ಸುಡಾನ್ ಬಗೆ. ಆ ಲಸಿಕೆ ಹಾಕಿಸಿಕೊಂಡೆ ಅಂತ ಮೈಮರೆಯಬೇಡಿ.

ಪ್ರಶ್ನೆ (ಆಸ್ಪತ್ರೆ ಸ್ವಚ್ಛತೆ ಮೇಲ್ವಿಚಾರಕ, ಹುಬ್ಬಳ್ಳಿ): ಮೇಡಂ, ನಮ್ಮಂಥವರಿಗೂ ತರಬೇತಿ ಕೊಡುತ್ತಿದ್ದರಾ? ಎಲ್ಲ ಕಡೆ ನಮ್ಮನ್ನು ಬಿಟ್ಟೇ ಬಿಡುತ್ತಾರೆ.

ಉತ್ತರ: ಅಣ್ಣಾ, ಮೊದಲು ಕೊಡಬೇಕಾದ್ದೇ ನಿಮಗೆ. ವಾಂತಿ ಒರೆಸುವವರು, ಬಟ್ಟೆ ಎತ್ತುವವರು, ಹೆಣ ಕಟ್ಟುವವರು ನೀವೇ ತಾನೇ. ಸಿಯೆರಾ ಲಿಯೋನ್‌ನಲ್ಲಿ ನಾವು ಸ್ವಚ್ಛತೆ ಸಿಬ್ಬಂದಿಗೆ ಅಲ್ಲಿನ ಆಡುಭಾಷೆ ಕ್ರಿಯೋದಲ್ಲಿ, ಚಿತ್ರ ತೋರಿಸಿ, ಕೈಯಿಂದ ಮಾಡಿಸಿ ಕಲಿಸಿದೆವು. ಇಂಗ್ಲಿಷ್ ಸ್ಲೈಡ್ ಹಾಕಿ ಸಹಿ ಮಾಡಿಸಿಕೊಂಡರೆ ಅದನ್ನು ತರಬೇತಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಕ್ಲೋರಿನ್ ಲೆಕ್ಕ ಬರೆದುಕೊಳ್ಳಿ. ನೆಲಕ್ಕೆ, ಚೆಲ್ಲಿದ್ದಕ್ಕೆ 0.5 ಪರ್ಸೆಂಟ್. ಬ್ಲೀಚ್ ದ್ರಾವಣ 5 ಪರ್ಸೆಂಟಿನದಾಗಿದ್ದರೆ ಒಂದು ಮಗ್ ಬ್ಲೀಚ್‌ಗೆ ಒಂಬತ್ತು ಮಗ್ ನೀರು. ದಿನಾ ಹೊಸದು ಮಾಡಿ. ಚೆಲ್ಲಿದ್ದರ ಮೇಲೆ ಮೊದಲು ಬಟ್ಟೆ ಹಾಸಿ, ಹೀರಿಸಿ ಎತ್ತಿ, ಸೋಪು ನೀರಿನಿಂದ ತೊಳೆದು, ಆಮೇಲೆ ಕ್ಲೋರಿನ್ ಹಾಕಿ ಒರೆಸಿ. ಮನುಷ್ಯರ ಮೇಲೆ ಸ್ಪ್ರೇ ಹೊಡೆಯಬೇಡಿ. ನೆಲಕ್ಕೂ ಸ್ಪ್ರೇ ಬೇಡ, ಒರೆಸುವುದೇ ಒಳ್ಳೆಯದು.

ಸಾಗರದ ಸಿಸ್ಟರ್: ತುಂಬಾ ಥ್ಯಾಂಕ್ಸ್ ಮೇಡಂ. ಅಲ್ಲಿಗೆ ಹೋದ ಕೂಡಲೇ ಏನು ಕೇಳಲಿ?

ಉತ್ತರ: ಅನುಮಾನದ ರೋಗಿಯನ್ನು ಇಡುವ ಕೋಣೆ ಯಾವುದು, ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು, ಕಿಟ್ ಬಿಚ್ಚುವಾಗ ನೋಡುವವರು ಯಾರು. ಮೂರಕ್ಕೂ ಉತ್ತರ ಸಿಗದಿದ್ದರೆ ನೀವೇ ಮ್ಯಾಟ್ರನ್ ಹತ್ತಿರ ಕೂತು ಬರೆಸಿ. ಎಂದಾದರೂ ಸೂಜಿ ಚುಚ್ಚಿದರೆ, ಕಣ್ಣಿಗೆ ಹಾರಿದರೆ, ತಕ್ಷಣ ತೊಳೆದು ವರದಿ ಮಾಡಿ, ಮುಚ್ಚಿಡಬೇಡಿ. ಆಮೇಲೆ 21 ದಿನ ಬೆಳಿಗ್ಗೆ ಸಂಜೆ ಜ್ವರ ನೋಡಿಕೊಳ್ಳಿ. ಲಕ್ಷಣ ಕಾಣುವವರೆಗೆ ನಿಮ್ಮಿಂದ ಯಾರಿಗೂ ಹರಡುವುದಿಲ್ಲ. ಅಮ್ಮನಿಗೆ ಇದನ್ನೂ ಹೇಳಿ. ಹೊರಡುವ ಮೊದಲು ಒಂದು ಭಾನುವಾರ ವಿಡಿಯೋ ಕಾಲ್ ಮಾಡಿ, ಬಿಚ್ಚುವ ಅಭ್ಯಾಸ ಮಾಡಿಸುತ್ತೇನೆ.