875 ಗಾಸ್ ಇದ್ದರೂ ಮೈಕ್ರೋವೇವ್ ಯಾಕೆ ವಾಪಸ್ ಬರುತ್ತೆ?

ಪ್ರಶ್ನೆ: 2.45 ಗಿಗಾಹರ್ಟ್ಸ್ ಮೈಕ್ರೋವೇವ್‌ನ ಇಸಿಆರ್ ಪ್ಲಾಸ್ಮಾ (ಎಲೆಕ್ಟ್ರಾನ್ ಸೈಕ್ಲೋಟ್ರಾನ್ ಅನುರಣನ: ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ಸುತ್ತುವ ಆವರ್ತನ ಅಲೆಯದ್ದಕ್ಕೆ ಸರಿಹೊಂದಿ ಪವರ್ ಹೀರುವುದು), ಅನಿಲ ಆರ್ಗಾನ್. ಕೊಳವೆಯ ನಡುವೆ ಕಾಂತಕ್ಷೇತ್ರ ಅನುರಣನಕ್ಕೆ ಬೇಕಾದ 875 ಗಾಸ್, ಮೈಕ್ರೋವೇವ್ ಒಳಬರುವ ಕ್ವಾರ್ಟ್ಜ್ ಕಿಟಕಿ ಬಳಿ 600. ಪವರ್ ಏರಿಸಿದರೆ ಸಾಂದ್ರತೆ ಏರಲ್ಲ, ಪ್ರತಿಫಲನವೇ ಜಾಸ್ತಿ. ಜೊತೆಗೆ, ಕ್ಷೇತ್ರ ಹರಡುವ ಕಡೆ ವಿಭವ ದಿಢೀರ್ ಇಳಿದಂತೆ ಪ್ರೋಬ್ ತೋರಿಸುತ್ತಿದೆ. ಇದನ್ನು ಡಬಲ್ ಲೇಯರ್ (ಪಕ್ಕಪಕ್ಕ ಧನ, ಋಣ ವಿದ್ಯುದಂಶದ ತೆಳು ಪದರಗಳ ಜೋಡಿ) ಅನ್ನಬಹುದಾ?

ಉತ್ತರ 1: ಕಿಟಕಿ ಇರೋದೇ ತಪ್ಪು ಕಡೆ. ಕಡಿಮೆ ಕ್ಷೇತ್ರದಿಂದ ಹೊರಟ ಬಲಗೈ ಅಲೆ (ಎಲೆಕ್ಟ್ರಾನ್ ಸುತ್ತುವ ದಿಕ್ಕಿನಲ್ಲೇ ತಿರುಗುವ ಅಲೆ) ಅನುರಣನಕ್ಕೆ ಮುಂಚೆಯೇ ಕಟಾಫ್‌ಗೆ, ಅಂದರೆ ಮುಂದೆ ಸಾಗಲಾಗದ ಜಾಗಕ್ಕೆ, ಬಡಿದು ಹಿಂದಿರುಗುತ್ತೆ. ಕಿಟಕಿ ಬಳಿ 950–1000 ಗಾಸ್ ಇಟ್ಟು, ಮುಂದೆ ಇಳಿಯುತ್ತಾ 875 ಸಿಗುವಂತೆ ಕಾಯಿಲ್ ಕರೆಂಟ್ ಹೊಂದಿಸಿ. ಆಗ ಅಲೆ ವಿಸ್ಲರ್ (ದಟ್ಟ ಪ್ಲಾಸ್ಮಾದಲ್ಲೂ ಕ್ಷೇತ್ರದ ಗುಂಟ ಸಾಗಬಲ್ಲ ಬಲಗೈ ಅಲೆ) ಆಗಿ ಸಾಗಿ, ಸಾಮಾನ್ಯ ಅಲೆ ತಡೆಯಲ್ಪಡುವ ಮಿತಿಯಾದ ಘನ ಸೆಂ.ಮೀ.ಗೆ 7.4×10¹⁰ ಎಲೆಕ್ಟ್ರಾನ್ ದಾಟಿದ ಸಾಂದ್ರತೆಯಲ್ಲೂ ಹೀರಲ್ಪಡುತ್ತೆ. 875 ಅನ್ನು ಕಿಟಕಿಗೇ ಅಂಟಿಸಬೇಡಿ, ಕ್ವಾರ್ಟ್ಜ್ ಕಾದು ಬಿರುಕು ಬಿಡಬಹುದು. ರೇಖೀಯ ಧ್ರುವೀಕರಣವಾದರೆ ಅರ್ಧ ಪವರ್ ಎಡಗೈಯದ್ದು, ಅದಕ್ಕೆ ಈ ಅನುರಣನವಿಲ್ಲ. ಪ್ರತಿಫಲನ ತಗ್ಗಿಸಲು ತ್ರೀ-ಸ್ಟಬ್ ಟ್ಯೂನರ್ ಇರಲಿ.

ಉತ್ತರ 2: ಅಳೆದದ್ದು ತಣ್ಣನೆ ಪ್ರೋಬ್‌ನ ತೇಲು ವಿಭವವೇ (ಪ್ರೋಬ್‌ಗೆ ಬರುವ ಒಟ್ಟು ಕರೆಂಟ್ ಸೊನ್ನೆಯಾಗುವ ವಿಭವ)? ಆರ್ಗಾನ್‌ನಲ್ಲಿ ಅದು ಪ್ಲಾಸ್ಮಾ ವಿಭವಕ್ಕಿಂತ ಎಲೆಕ್ಟ್ರಾನ್ ತಾಪದ (ವೋಲ್ಟ್‌ನಲ್ಲಿ ಹೇಳಿದರೆ) ಸುಮಾರು 5 ಪಟ್ಟು ಕೆಳಗಿರುತ್ತೆ. ತಾಪ ಜಾಗದಿಂದ ಜಾಗಕ್ಕೆ ಬದಲಾದರೆ ಆ ರೀಡಿಂಗ್ ನಂಬೋ ಹಾಗಿಲ್ಲ. ಥೋರಿಯೇಟೆಡ್ ಟಂಗ್‌ಸ್ಟನ್ ತಂತಿಯ ಎಮಿಸ್ಸಿವ್ ಪ್ರೋಬ್ (ಕಾದಾಗ ಎಲೆಕ್ಟ್ರಾನ್ ಹೊರಸೂಸುವ ಪ್ರೋಬ್) ಹಾಕಿ, ರೀಡಿಂಗ್ ಏರೋದು ನಿಲ್ಲುವವರೆಗೂ ತಂತಿ ಕಾಯಿಸಿ.

ಹತ್ತಾರು ಸೆಂ.ಮೀ. ಉದ್ದಕ್ಕೂ ನಿಧಾನ ಇಳಿದರೆ ಅದು ಬರೀ ಪ್ಲಾಸ್ಮಾ ಹಿಗ್ಗುವಿಕೆ. ಕೆಲವು ಹತ್ತು ಡಿಬೈ ಉದ್ದದಲ್ಲೇ (ಡಿಬೈ ಉದ್ದ ಅಂದರೆ ಪ್ಲಾಸ್ಮಾ ಒಂದು ವಿದ್ಯುದಂಶದ ಪ್ರಭಾವವನ್ನು ಮರೆಮಾಡುವ ಪುಟ್ಟ ದೂರ) ಜಿಗಿದರೆ ಮಾತ್ರ ಡಬಲ್ ಲೇಯರ್.